ಜೈಸಲ್ಮೇರಿನಲ್ಲಿ ಕಾಂಗರೂ ಇಲಿ ಇಲ್ಲ, ಮೇಷ್ಟ್ರೇ

ಮೇಷ್ಟ್ರೇ, ನಮಸ್ಕಾರ.

ನಮ್ಮ ಮಕ್ಕಳ ಪತ್ರಿಕೆಗೆ ನೀವು ಬರೆದ ‘ಮರುಭೂಮಿಯ ಆಹಾರ ಸರಪಳಿ’ ಲೇಖನ ಕೈಸೇರಿತು. ಅಕ್ಷರ ದುಂಡಗಿದೆ, ವಾಕ್ಯಗಳು ಮಕ್ಕಳ ಅಳತೆಗಿವೆ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಜೋರು ದಿನಕ್ಕೆ ಸುರಿಯುವಷ್ಟು ಮಳೆ ಥಾರ್ ಮರುಭೂಮಿಯ ಜೈಸಲ್ಮೇರಿಗೆ ಇಡೀ ವರ್ಷದ್ದು ಎಂದು ಶುರು ಮಾಡಿದ್ದೀರಿ. ಆ ಸಾಲನ್ನು ನಾನು ಮುಟ್ಟುವುದಿಲ್ಲ.

ಎರಡನೇ ಪುಟಕ್ಕೆ ಬರುತ್ತಲೇ ಸಿಟ್ಟು ಬಂತು. ನಮ್ಮ ಪತ್ರಿಕೆ ಓದುವವರು ಏಳೆಂಟನೇ ತರಗತಿಯವರು. ಅಚ್ಚಾದದ್ದನ್ನು ಪರೀಕ್ಷೆಯಲ್ಲಿ ಹಾಗೇ ಬರೆದು ಬರುತ್ತಾರೆ. ಹಾಗಾಗಿ ಉಳಿದದ್ದೆಲ್ಲ ಬಿಟ್ಟು ಎರಡೇ ತಕರಾರು ಎತ್ತುತ್ತೇನೆ.

ನಿಮ್ಮ ಸಾಲು: “ಥಾರ್ ಮರುಭೂಮಿಯಲ್ಲಿ ಪಾಪಾಸುಕಳ್ಳಿಯನ್ನು ಕಾಂಗರೂ ಇಲಿ ತಿನ್ನುತ್ತದೆ, ಇಲಿಯನ್ನು ರ‍್ಯಾಟಲ್ ಹಾವು, ಹಾವನ್ನು ಹದ್ದು.” ಇದರಲ್ಲಿ ಥಾರಿಗೆ ಸೇರಿದ್ದು ಹದ್ದು ಮಾತ್ರ. ಕಾಂಗರೂ ಇಲಿ ಉತ್ತರ ಅಮೆರಿಕದ್ದು, ರ‍್ಯಾಟಲ್ ಹಾವು ಅಮೆರಿಕ ಖಂಡಗಳದ್ದು. ಪಾಪಾಸುಕಳ್ಳಿಯ ಕುಟುಂಬವೂ, ಒಂದೇ ಒಂದು ಜಾತಿ ಬಿಟ್ಟರೆ, ಅಲ್ಲಿಯದೇ. ನಮ್ಮ ಬೇಲಿಗಳಲ್ಲಿರುವುದು ಜನ ತಂದು ನೆಟ್ಟದ್ದು. ಆಗುಂಬೆಯ ಕಾಳಿಂಗ ಜೈಸಲ್ಮೇರಿನಲ್ಲಿ ಕೇರೆಹಾವು ನುಂಗಿತು ಅಂತ ಯಾರಾದರೂ ಬರೆದರೆ ನೀವೇ ನಗುತ್ತೀರಿ. ನಿಮ್ಮ ಸಾಲು ಓದಿ ರಾಜಸ್ಥಾನದವರು ನಗುವುದೂ ಹಾಗೆಯೇ.

ಥಾರಿನ ಕಳ್ಳಿ ಬೇರೆ, ನಮ್ಮ ಹಾಲುಗಳ್ಳಿಯ ಬಳಗದ್ದು. ಗುರುತು ಹಿಡಿಯುವುದು ಸುಲಭ: ಗೀರಿದರೆ ಬಿಳಿ ಹಾಲು ಒಸರುತ್ತದೆ, ಮುಳ್ಳು ಜೋಡಿ ಜೋಡಿಯಾಗಿರುತ್ತದೆ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಮುಳ್ಳು ಗೊಂಚಲಾಗಿ ಒಂದೇ ಚುಕ್ಕೆಯಿಂದ ಹೊರಡುತ್ತದೆ. (ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.)

ಹಾಗಾದರೆ ಥಾರಿನಲ್ಲಿ ಯಾರು ಯಾರನ್ನು ತಿನ್ನುತ್ತಾರೆ? ಸೇವಣ್ ಹುಲ್ಲು ಹಿಡಿಯಿರಿ. ಮರಳಲ್ಲಿ ಬೇರು ಹರಡಿ ದಿಬ್ಬವನ್ನೇ ಹಿಡಿದಿಡುವ ಹುಲ್ಲು ಅದು. ಅದರ ಬೀಜ, ಎಲೆಗಳನ್ನು ತಿನ್ನುವುದು ಜರ್ಡ್ ಎಂಬ ಬಿಲದ ಇಲಿ. ಜರ್ಡನ್ನು ಗರಗಸ ಮಂಡಲ ಹಾವೂ ಹಿಡಿಯುತ್ತದೆ, ಮರುಭೂಮಿ ನರಿಯೂ ಹಿಡಿಯುತ್ತದೆ. ಇನ್ನೊಂದು ಕಡೆ ಸಾಂಡಾ ಎಂಬ ಮುಳ್ಳುಬಾಲದ ಓತಿ ಇದೆ. ಓತಿ ಎಂದರೆ ಹುಳ ತಿನ್ನುವುದು ಅಂದುಕೊಳ್ಳಬೇಡಿ, ಇದು ಮುಖ್ಯವಾಗಿ ಸೊಪ್ಪು, ಹೂವು ತಿಂದೇ ಬದುಕುತ್ತದೆ. ಸಂಜೆ ಬಿಲದ ಬಾಯಿಗೆ ಮಣ್ಣು ಮೆತ್ತಿ ಒಳಗೆ ಮಲಗುತ್ತದೆ. ಹಗಲಲ್ಲಿ ಲಗ್ಗರ್ ಎಂಬ ಗಿಡುಗ ಅದನ್ನು ಹೊತ್ತೊಯ್ಯುತ್ತದೆ. ಜರ್ಡೂ ಸಾಂಡಾವೂ ಹಗಲು ಓಡಾಡುವಂಥವು. ಆದ್ದರಿಂದ “ಮರುಭೂಮಿಯ ಪ್ರಾಣಿಗಳೆಲ್ಲ ನಿಶಾಚರಿಗಳು” ಎಂಬ ನಿಮ್ಮ ಸಾಲಿಗೂ ಗೆರೆ ಎಳೆದಿದ್ದೇನೆ.

ಮರ ಬೇಕಿದ್ದರೆ ಖೇಜ್ರಿ ಇದೆ, ರಾಜಸ್ಥಾನದ ರಾಜ್ಯವೃಕ್ಷ. ವಿಜಯದಶಮಿಗೆ ನಾವು ಎಲೆ ಹಂಚುವ ಬನ್ನಿ ಅದೇ ಮರ! ಇಷ್ಟು ಹತ್ತಿರದ್ದು ಇರುವಾಗ ಅಮೆರಿಕದ ಕಳ್ಳಿಯ ಚಿತ್ರ ಬರೆಸಿದಿರಲ್ಲ ಮಾರಾಯ್ರೆ.

ಎರಡನೇ ತಕರಾರು ‘ಹೊಂದಿಕೊಂಡಿದೆ’ ಎಂಬ ಪದದ ಮೇಲೆ. ಮೂರು ಪುಟದಲ್ಲಿ ಹನ್ನೊಂದು ಸಲ ಇದೆ. ಒಂದು ಕಡೆಯೂ ಹೇಗೆ ಎಂದಿಲ್ಲ. ನಾನು ಈ ಕೆಲಸ ಕಲಿಯುವಾಗ ಹಿರಿಯರೊಬ್ಬರು ಇಂಥ ಪದದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ‘ಹೇಗೆ?’ ಎಂದಷ್ಟೇ ಬರೆದು ಹಾಳೆ ವಾಪಸು ಮಾಡುತ್ತಿದ್ದರು. ನಿಮ್ಮ ಪ್ರತಿಯಲ್ಲೂ ಹನ್ನೊಂದು ‘ಹೇಗೆ?’ ಕಾಣುತ್ತೀರಿ.

“ಒಂಟೆ ಡುಬ್ಬದಲ್ಲಿ ನೀರು ತುಂಬಿಕೊಂಡು ಮರುಭೂಮಿಗೆ ಹೊಂದಿಕೊಂಡಿದೆ.” ಡುಬ್ಬದಲ್ಲಿರುವುದು ಕೊಬ್ಬು. ಕೊಬ್ಬು ಮೈತುಂಬ ಚರ್ಮದಡಿ ಹರಡಿದ್ದರೆ ಕಂಬಳಿ ಹೊದ್ದಂತಾಗಿ ಶಾಖ ಹೊರಹೋಗುತ್ತಿರಲಿಲ್ಲ. ಒಂದೇ ಕಡೆ ಇರುವುದರಿಂದ ಆ ತೊಂದರೆಯಿಲ್ಲ. ನೀರಿನ ಉಳಿತಾಯ ನಡೆಯುವುದು ಬೇರೆ ದಾರಿಯಲ್ಲಿ. ನೀರು ಸಿಗದ ದಿನಗಳಲ್ಲಿ ಒಂಟೆಯ ಮೈ ಬೆಳಗಿನ ಜಾವ ಸುಮಾರು 34 ಡಿಗ್ರಿಗೆ ಇಳಿದು, ಇಳಿಹೊತ್ತಿಗೆ 40 ಡಿಗ್ರಿಗೆ ಏರುತ್ತದೆ. ಅಲ್ಲಿಯವರೆಗೆ ಅದು ಹೆಚ್ಚು ಬೆವರುವುದಿಲ್ಲ. ಲೆಕ್ಕ ಹಾಕಿಸಿ: 500 ಕೆ.ಜಿ. ಒಂಟೆ 6 ಡಿಗ್ರಿ ಬಿಸಿಯಾದರೆ ಸುಮಾರು 2,500 ಕಿಲೊಕ್ಯಾಲೊರಿ ಶಾಖ ಮೈಯಲ್ಲೇ ನಿಲ್ಲುತ್ತದೆ. ಒಂದು ಲೀಟರ್ ಬೆವರು ಆರಿದರೆ ಹೋಗುವುದು ಸುಮಾರು 580. ಅಂದರೆ ನಾಲ್ಕು ಲೀಟರಿಗೂ ಹೆಚ್ಚು ಬೆವರು ಉಳಿಯಿತು, ಆ ಶಾಖವನ್ನು ರಾತ್ರಿಯ ಚಳಿಗಾಳಿ ಪುಕ್ಕಟೆ ಒಯ್ಯಿತು. ಇದನ್ನು ಬರೆದರೆ ‘ಹೊಂದಿಕೊಂಡಿದೆ’ ಎಂಬ ಪದವೇ ಬೇಡ.

“ನೀರು ಉಳಿಸಬೇಕೆಂದು ಗಿಡ ತನ್ನ ಎಲೆಗಳನ್ನು ಮುಳ್ಳಾಗಿಸಿಕೊಂಡಿತು.” ಗಿಡಕ್ಕೆ ‘ಬೇಕೆಂದು’ ಇಲ್ಲ. ಬಿಸಿಲುನಾಡಿನಲ್ಲಿ ಅಗಲ ಎಲೆಯವು ಒಣಗಿದವು, ಕಿರಿದಾದ ಎಲೆಯವು ಬದುಕಿ ಬೀಜ ಬಿಟ್ಟವು. ಸಾವಿರಾರು ತಲೆಮಾರು ಹೀಗೇ ನಡೆಯಿತು ಎಂದು ಬರೆಯಿರಿ. ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ: ಎಲೆಯಿಲ್ಲದೆ ಆಹಾರ ಮಾಡುವುದು ಹೇಗೆ? ಕಳ್ಳಿಯಂಥ ಗಿಡದಲ್ಲಿ ಹಸಿರು ಕಾಂಡವೇ ಮಾಡುತ್ತದೆ, ಅದೂ ಎರಡು ಪಾಳಿಯಲ್ಲಿ. ರಾತ್ರಿ ತಂಪಿನಲ್ಲಿ ಮೈಮೇಲಿನ ಸಣ್ಣ ಸಣ್ಣ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲ ಎಂಬ ಹುಳಿಯಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿ, ಕೂಡಿಟ್ಟದ್ದನ್ನು ಬಿಸಿಲಿನಲ್ಲಿ ಸಕ್ಕರೆ ಮಾಡುತ್ತದೆ.

ಇದನ್ನು ತೋರಿಸಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ. ಬನವಾಸಿ ಕಡೆಯ ಅನಾನಸ್ ಮಾಡುವುದೂ ಇದನ್ನೇ. ನಿಮ್ಮ ಶಾಲೆಯ ಹಿಂದಿನ ಧರೆಯ ಮೇಲೆ ಕಾಡುಬಸಳೆ ಇದ್ದರೆ, ಅದೇ ಎಲೆಯಂಚಿನಲ್ಲಿ ಮರಿ ಹುಟ್ಟುವ ಗಿಡ, ಬೆಳಗಿನ ಜಾವ ಒಂದು ಎಲೆ, ಸಂಜೆ ಒಂದು ಎಲೆ ಜಜ್ಜಿ, ರಸಕ್ಕೆ ನೀಲಿ ಲಿಟ್ಮಸ್ ಕಾಗದ ಹಿಡಿಯಿರಿ. ಬೆಳಗಿನದು ಹೆಚ್ಚು ಕೆಂಪಾಗುತ್ತದೆ. ಆಕಾಶ ತೆರೆದಿರುವ ದಿನ ನೋಡಿ ಮಾಡಿ. ಆಷಾಢದ ಮೋಡದಲ್ಲಿ ಮಾಡಿದರೆ ಹಗಲು ಆಮ್ಲ ಪೂರ್ತಿ ಕರಗದೆ ಎರಡೂ ಒಂದೇ ಥರ ಕಂಡೀತು. ಬೆಳಿಗ್ಗೆ ಹುಳಿಯಿದ್ದ ಎಲೆ ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ಇಂಡಿಯಾದಲ್ಲಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞ ಇದೇ ಗಿಡವನ್ನು ಅಗಿದು ಕಂಡುಕೊಂಡ. ಅದು ಅಚ್ಚಾದದ್ದು 1815ರಲ್ಲಿ.

ಕಾಂಗರೂ ಇಲಿಯ ಮೇಲೆ ಅಷ್ಟು ಆಸೆಯಿದ್ದರೆ ಬೇರೆ ಲೇಖನ ಬರೆಯಿರಿ, ಊರು ಅರಿಜೋನ ಎಂದು ಹಾಕಿ. ಅದು ನೀರು ಕುಡಿಯದೆಯೇ ಬದುಕಬಲ್ಲದು. 100 ಗ್ರಾಂ ಒಣ ಬಾರ್ಲಿ ದೇಹದಲ್ಲಿ ಉರಿದಾಗ ಸುಮಾರು 54 ಗ್ರಾಂ ನೀರು ಹುಟ್ಟುತ್ತದೆ, ಇಲಿಗೆ ಬೇಕಾದ ನೀರಿನ ಬಹುಪಾಲು ಅದೇ. ಉಸಿರಿನ ಆವಿ ಕೂಡ ತಂಪು ಮೂಗಿನಲ್ಲೇ ಹನಿಗಟ್ಟಿ ಒಳಗುಳಿಯುತ್ತದೆ.

ತಿದ್ದಿದ ಪ್ರತಿ ಎರಡು ಪುಟ ಇರಲಿ, ಒಂದೇ ಮರುಭೂಮಿ ಇರಲಿ. ಚಿತ್ರ ಹೊಸದಾಗಿ ಬರೆಸುವಾಗ ಬಾಣಗಳನ್ನೂ ನೋಡಿ. ಬಾಣ ತಿನಿಸಿನಿಂದ ತಿನ್ನುವವರ ಕಡೆಗೆ, ಶಕ್ತಿ ಹರಿಯುವ ದಿಕ್ಕಿಗೆ ಹೋಗಬೇಕು. ನಿಮ್ಮ ಚಿತ್ರದಲ್ಲಿ ಹದ್ದಿನಿಂದ ಹಾವಿಗೆ, ಹಾವಿನಿಂದ ಇಲಿಗೆ ಇಳಿದು ಬಂದಿದೆ.