ಹಣ ಸಿಗದಿದ್ದರೂ ಕೆಲವರು ಹ್ಯಾಕಿಂಗ್ ಮಾಡುವುದೇಕೆ?

ಬಿಡಿಗಾಸೂ ಗಿಟ್ಟದ ಕೆಲಸಕ್ಕಾಗಿ ಜೈಲು ಸೇರುವ ಅಪಾಯವನ್ನು ಹ್ಯಾಕರ್‌ಗಳು ಏಕೆ ಮೈಮೇಲೆ ಎಳೆದುಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ಕಡತಗಳಿಗೆ ಬೀಗ ಹಾಕಿ, ಅವನ್ನು ಬಿಡಿಸಿಕೊಡಲು ಹಣ ಕೇಳುವ ರ‍್ಯಾನ್ಸಮ್‌ವೇರ್ ತಂಡಗಳದ್ದು ಅಪ್ಪಟ ವ್ಯಾಪಾರವಾದ್ದರಿಂದ ಅದನ್ನು ಇಲ್ಲಿ ಬದಿಗಿಡುತ್ತೇನೆ. ಉಳಿದವರ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವುದು ಕುತೂಹಲ. ಆದರೆ ಕುತೂಹಲವಿದ್ದವರೆಲ್ಲ ಪರರ ಕಂಪ್ಯೂಟರಿಗೆ ನುಗ್ಗುವುದಿಲ್ಲ. ನುಗ್ಗುವವರು ಅದಕ್ಕೂ ಮೊದಲು ತಮ್ಮ ಮನಸ್ಸಿಗೆ ಒಂದು ಸಮಜಾಯಿಷಿ ಹೇಳಿಕೊಂಡಿರುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಬ್ರಿಟನ್ನಿನ ಗ್ಯಾರಿ ಮೆಕಿನನ್ ಅವರನ್ನೇ ನೋಡಿ. 2001 ಮತ್ತು 2002ರಲ್ಲಿ ಅಮೆರಿಕದ ಸೇನೆ ಹಾಗೂ ನಾಸಾಕ್ಕೆ ಸೇರಿದ 97 ಕಂಪ್ಯೂಟರ್‌ಗಳನ್ನು ಹ್ಯಾಕ್ ಮಾಡಿದ ಆರೋಪ ಅವರ ಮೇಲಿತ್ತು. ಹಾರುವ ತಟ್ಟೆಗಳ ಬಗ್ಗೆ ಸರ್ಕಾರ ಬಚ್ಚಿಟ್ಟಿದೆಯೆಂದು ತಾವು ನಂಬಿದ್ದ ದಾಖಲೆಗಳನ್ನು ಹುಡುಕುತ್ತಿದ್ದೆನೆಂದೂ, ಪಾಸ್‌ವರ್ಡನ್ನೇ ಇಡದ ಯಂತ್ರಗಳ ಮೂಲಕ ಒಳಹೊಕ್ಕೆನೆಂದೂ ಅವರು ಹೇಳಿಕೊಂಡರು. ಸತ್ಯ ಜನರಿಗೆ ತಿಳಿಯಬೇಕು, ಬಾಗಿಲು ತೆರೆದಿಟ್ಟವರದೇ ತಪ್ಪು ಎಂಬ ಎರಡು ವಾದಗಳು ಇಲ್ಲಿ ಒಟ್ಟಿಗೇ ಕೆಲಸ ಮಾಡಿದಂತೆ ಕಾಣುತ್ತದೆ.

ಸೇಡಿನ ಕಥೆ ಇದಕ್ಕಿಂತ ಸರಳ. 2000ದಲ್ಲಿ ಆಸ್ಟ್ರೇಲಿಯಾದ ಮರೂಚಿ ಪ್ರದೇಶದಲ್ಲಿ, ಸ್ಥಳೀಯ ಆಡಳಿತದಲ್ಲಿ ಕೆಲಸ ಸಿಗದ ವಿಟೆಕ್ ಬೋಡನ್ ಎಂಬಾತ ಕಾರಿನಲ್ಲಿ ರೇಡಿಯೊ ಉಪಕರಣವಿಟ್ಟುಕೊಂಡು ಒಳಚರಂಡಿ ಪಂಪುಗಳ ನಿಯಂತ್ರಣವನ್ನು ಕೆಡಿಸಿದ್ದರಿಂದ, ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನಗಳಿಗೂ ಹೊಳೆಗಳಿಗೂ ಹರಿಯಿತು.

‘ಯಾರಿಗೂ ನಷ್ಟವಾಗಿಲ್ಲ’, ‘ಅವರಿಗೆ ಹಾಗೇ ಆಗಬೇಕು’ ಎಂಬಂಥ ಸಮರ್ಥನೆಗಳನ್ನು ಸೈಕ್ಸ್ ಮತ್ತು ಮಾಟ್ಜಾ ಎಂಬ ಸಮಾಜಶಾಸ್ತ್ರಜ್ಞರು 1957ರಲ್ಲೇ, ಬಾಲಾಪರಾಧಿಗಳ ಕುರಿತು ಬರೆಯುವಾಗ, ವಿಂಗಡಿಸಿ ತೋರಿಸಿದ್ದರು. ಹ್ಯಾಕಿಂಗ್‌ನಲ್ಲಿ ಇವು ಇನ್ನೂ ಸಲೀಸಾಗಿ ಒಗ್ಗುತ್ತವೆ, ಏಕೆಂದರೆ ಪರದೆಯ ಮೇಲೆ ಬರುವುದು ಅಕ್ಷರಗಳ ಸಾಲುಗಳೇ ಹೊರತು ನೊಂದವರ ಮುಖವಲ್ಲ.

ಹದಿಹರೆಯದವರಲ್ಲಿ ಮಾತ್ರ ಇವೆಲ್ಲಕ್ಕಿಂತ ಮೇಲುಗೈ ಸಾಧಿಸುವುದು ಓರಗೆಯವರ ಮೆಚ್ಚುಗೆ. 2000ದ ಫೆಬ್ರವರಿಯಲ್ಲಿ ಯಾಹೂ, ಸಿಎನ್‌ಎನ್ ಮುಂತಾದ ದೊಡ್ಡ ಜಾಲತಾಣಗಳನ್ನು ಸ್ಥಗಿತಗೊಳಿಸಿದ ಕೆನಡಾದ ‘ಮಾಫಿಯಾಬಾಯ್’ಗೆ ಆಗ 15 ವರ್ಷ, ಚಾಟ್ ಕೋಣೆಗಳಲ್ಲಿ ಬಡಾಯಿ ಕೊಚ್ಚಿಕೊಂಡದ್ದರಿಂದಲೇ ತನಿಖೆಗಾರರ ಕಣ್ಣು ಅವನ ಮೇಲೆ ಬಿತ್ತು. ಹಣಕ್ಕಾಗಿ ಮಾಡಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದ. ನೋಡುವವರಿಲ್ಲದ ಗೆಲುವು ಅವನಿಗೆ ಗೆಲುವೇ ಆಗಿರಲಿಲ್ಲ. ಇಂದು ಹಲವು ಕಂಪನಿಗಳು ತಮ್ಮ ತಂತ್ರಾಂಶಗಳಲ್ಲಿನ ದೋಷಗಳನ್ನು ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಲ್ಲದೆ ಅವರ ಹೆಸರುಗಳನ್ನೂ ಗೌರವಪಟ್ಟಿಯಲ್ಲಿ ಪ್ರಕಟಿಸುವುದು ಈ ಹಂಬಲವನ್ನು ಬಲ್ಲವರ ಉಪಾಯವೆಂದೇ ನನಗನ್ನಿಸುತ್ತದೆ.