ಸಂಪಾದಕರ ಉತ್ತರ: ಕೈ ಕೊಡುವವನು ಯಾರೆಂದು ಮೊದಲೇ ಗೊತ್ತಾದರೆ?

ಹನುಮಂತನಗರದ ಓದುಗರೊಬ್ಬರು ಸಿಟ್ಟಿನಿಂದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಒಂದು ಕ್ರೈಂ ಸಿನಿಮಾದ ವಿಮರ್ಶೆ ಹಾಕಿದ್ದೆವು. ಅದರಲ್ಲಿ, ಗ್ಯಾಂಗಿಗೆ ದ್ರೋಹ ಮಾಡುವವನು ಯಾರು ಅಂತ ಹೇಳಿಬಿಟ್ಟಿದ್ದೆವು. ‘ಶನಿವಾರ ರಾತ್ರಿಯ ಆಟಕ್ಕೆ ಟಿಕೆಟ್ ಬುಕ್ ಮಾಡಿದ್ದೆ. ಬೆಳಿಗ್ಗೆ ನಿಮ್ಮ ಪತ್ರಿಕೆ ಓದಿದೆ. ರಾತ್ರಿ ಎರಡೂವರೆ ಗಂಟೆ ಆ ಒಬ್ಬನ ಮುಖವನ್ನೇ ನೋಡುತ್ತಾ ಕೂತೆ. ನಿಮ್ಮ ವಿಮರ್ಶಕರು ಆಡಿದ್ದೂ ಡಬಲ್ ಗೇಮೇ ಅಲ್ವಾ? ಟಿಕೆಟ್ ದುಡ್ಡು ಯಾರು ಕೊಡುತ್ತಾರೆ? ಗುಟ್ಟು ಗೊತ್ತಾದ ಮೇಲೆ ಇಂಥ ಸಿನಿಮಾದಲ್ಲಿ ನೋಡುವುದಕ್ಕೆ ಇನ್ನೇನಿರುತ್ತದೆ?’ ಎಂದು ಕೇಳಿದ್ದಾರೆ.

ಸ್ವಾಮಿ, ತಪ್ಪು ನಮ್ಮದೇ. ಆ ಸಾಲು ಅಚ್ಚಿಗೆ ಹೋಗುವ ಮೊದಲು ನಾನೇ ಓದಿದ್ದೆ, ಸುಮ್ನೆ ಬಿಟ್ಟೆ. ಆದರೆ ನಿಮ್ಮ ಪತ್ರದ ಒಂದು ಮಾತು ನನ್ನನ್ನು ಹಿಡಿದುಕೊಂಡಿದೆ. ‘ಆ ಒಬ್ಬನ ಮುಖವನ್ನೇ ನೋಡುತ್ತಾ ಕೂತೆ’ ಅಂದಿರಲ್ಲ, ಅದು. ದ್ರೋಹದ ಸಿನಿಮಾಗಳಲ್ಲಿ ನೋಡಬೇಕಾದದ್ದು ಆ ಮುಖವನ್ನೇ ಅಂತ ನನ್ನ ಅನಿಸಿಕೆ.

ನಮ್ಮ ‘ಆ ದಿನಗಳು’ ಸಿನಿಮಾವನ್ನೇ ತೆಗೆದುಕೊಳ್ಳಿ. 2007ರಲ್ಲಿ ಬಂದದ್ದು, ಕೆ.ಎಂ. ಚೈತನ್ಯ ನಿರ್ದೇಶನ. ಅಗ್ನಿ ಶ್ರೀಧರ್ ಬರೆದ ‘ದಾದಾಗಿರಿಯ ದಿನಗಳು’ ಅದಕ್ಕೆ ಆಧಾರ, ಚಿತ್ರಕಥೆಯಲ್ಲಿ ಗಿರೀಶ್ ಕಾರ್ನಾಡರ ಕೈಯೂ ಇತ್ತು. ಭೂಗತ ಲೋಕದ ಡಾನ್ ಕೋತ್ವಾಲ್ ರಾಮಚಂದ್ರ ಹೇಗೆ ಸತ್ತ ಅನ್ನುವುದು ಎಂಬತ್ತರ ದಶಕದ ಬೆಂಗಳೂರನ್ನು ಕಂಡವರಿಗೆಲ್ಲ ಗೊತ್ತಿದ್ದ ಕಥೆ. ಅದರಲ್ಲಿ ಗುಟ್ಟೇನೂ ಇರಲಿಲ್ಲ. ಆದರೂ ತೋಟದ ಮನೆಯ ಭಾಗ ಬಂದಾಗ ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿಸಲೆಂದು ಬಂದವರು ಅವನ ಜೊತೆಗೇ ಇದ್ದಾರೆ. ಅವನಿಗೆ ನಿದ್ದೆ ಹತ್ತುವುದನ್ನು ಕಾಯುತ್ತಿದ್ದಾರೆ. ಕೋತ್ವಾಲನ ಪಾತ್ರ ಮಾಡಿದ ಶರತ್ ಲೋಹಿತಾಶ್ವ ಅವರ ಆ ಕಣ್ಣು ಒಬ್ಬೊಬ್ಬರ ಮೇಲೂ ಹರಿಯುತ್ತದೆ. ಇವನಿಗೆ ವಾಸನೆ ಬಡಿಯಿತೇ, ಇಲ್ಲವೇ? ಕೊಲ್ಲುವವರು ಯಾರು ಅಂತ ನಮಗೆ ಗೊತ್ತಿಲ್ಲದೇ ಹೋಗಿದ್ದರೆ ಅದು ನಾಲ್ಕು ಜನ ಹರಟೆ ಹೊಡೆಯುವ ದೃಶ್ಯ, ಅಷ್ಟೇ.

ಹಾಂಗ್‌ಕಾಂಗಿನ ‘ಇನ್ಫರ್ನಲ್ ಅಫೇರ್ಸ್’ (2002) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪೊಲೀಸನೊಬ್ಬ ಗ್ಯಾಂಗಿನಲ್ಲಿ ಸೇರಿಕೊಂಡಿದ್ದಾನೆ, ಗ್ಯಾಂಗಿನವನೊಬ್ಬ ಪೊಲೀಸ್ ಆಗಿದ್ದಾನೆ. ಇಬ್ಬರೂ ಯಾರೆಂದು ಶುರುವಿನಲ್ಲೇ ನಮಗೆ ಹೇಳಿಬಿಡುತ್ತಾರೆ. ಆಮೇಲೆ ಅವರಿಬ್ಬರನ್ನೂ ಆಡಿಯೋ ಸಾಮಾನಿನ ಅಂಗಡಿಯಲ್ಲಿ ಅಕ್ಕಪಕ್ಕ ಕೂರಿಸುತ್ತಾರೆ. ಒಬ್ಬನಿಗೆ ಇನ್ನೊಬ್ಬ ಯಾರೆಂದು ಗೊತ್ತಿಲ್ಲ. ಇವನು ಗಿರಾಕಿ, ಅವನು ಅಂಗಡಿ ನೋಡಿಕೊಳ್ಳುತ್ತಿರುವವನು. ಹಾಡೊಂದು ಹಾಕಿ ಸುಮ್ಮನೆ ಕೇಳುತ್ತಾರೆ. ಗುಂಡಿಲ್ಲ, ಚೇಸಿಂಗ್ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಆ ಹಾಡು. ಮುಂದೆ ಒಳಗಿನ ಗೂಢಚಾರನನ್ನು ಹುಡುಕುವ ಕೆಲಸ ಆ ಗೂಢಚಾರನಿಗೇ ಬೀಳುತ್ತದೆ. ಮಾರ್ಟಿನ್ ಸ್ಕಾರ್ಸೆಸಿಗೆ ನಿರ್ದೇಶನಕ್ಕೆ ಮೊದಲ ಆಸ್ಕರ್ ತಂದುಕೊಟ್ಟ ‘ದಿ ಡಿಪಾರ್ಟೆಡ್’ (2006) ಇದರದೇ ರೀಮೇಕ್. ಚೆನ್ನಾಗಿದೆ, ಆದರೆ ಗಲಾಟೆ ಜಾಸ್ತಿ.

ಹಿಂದಿಯ ‘ಜಾನಿ ಗದ್ದಾರ್’ ಕೂಡ 2007ರದ್ದೇ. ಐವರು ಪಾಲುದಾರರು ತಲಾ 50 ಲಕ್ಷ ಹಾಕುತ್ತಾರೆ. ಆ ಎರಡೂವರೆ ಕೋಟಿ ಮುಂಬೈಯಿಂದ ರೈಲು ಹತ್ತುವುದು ನಮ್ಮ ಬೆಂಗಳೂರಿಗೇ! ಆ ದುಡ್ಡು ಹೊಡೆಯುವವನು ಯಾರೆಂದು ನಮ್ಮಿಂದ ಮುಚ್ಚಿಟ್ಟಿಲ್ಲ. ಕೊನೆ ಏನಾಗುತ್ತದೆ ಅಂತ ಈ ಸಲ ಹೇಳುವುದಿಲ್ಲ, ಹೆದರಬೇಡಿ.

ಇದು ಸಿನಿಮಾದವರೇ ಕಂಡುಹಿಡಿದದ್ದಲ್ಲ. ಜೆ.ಸಿ. ರಸ್ತೆಯ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ನಾಟಕ ಇದ್ದಾಗ ಒಮ್ಮೆ ಹೋಗಿ ನೋಡಿ. ಶಕುನಿ ಏನು ಮಾಡುತ್ತಾನೆ ಅಂತ ಪಾಪ್‌ಕಾರ್ನ್ ಮಾರುವ ಹುಡುಗನಿಗೂ ಗೊತ್ತು. ಆದರೂ ಅವನು ದಾಳ ಕೈಗೆ ತೆಗೆದುಕೊಂಡ ಕೂಡಲೇ ಬೀಳುತ್ತವಲ್ಲ ಶಿಳ್ಳೆಗಳು!

ನಮ್ಮ ಕನ್ನಡವೂ ಇದನ್ನು ಚೆನ್ನಾಗಿ ಬಲ್ಲದು. ‘ಕೈ ಕೊಟ್ಟ’ ಅಂದರೆ ಮೋಸ ಮಾಡಿದ ಅಂತ. ನಮ್ಮನ್ನು ಹಿಡಿದು ನಡೆಸುತ್ತದೆ ಅಂದುಕೊಂಡಿದ್ದೂ ಅದೇ ಕೈ. ‘ಉಂಡ ಮನೆಗೆ ಎರಡು ಬಗೆಯುವುದು’ ಅನ್ನುತ್ತೇವೆ. ದ್ರೋಹ ಆಗಬೇಕಾದರೆ ಮೊದಲು ಊಟ ಆಗಿರಬೇಕು. ಅಪರಿಚಿತ ಕದ್ದರೆ ಅದು ಬರೀ ಕಳ್ಳತನ. ಹಾಗಾಗಿ ಬರೀ ಕೊನೆಯ ರೀಲಿನಲ್ಲಿ ‘ಓಹೋ, ಇವನಾ!’ ಅನ್ನಿಸಲು ಮಾಡಿದ ಸಿನಿಮಾದಲ್ಲಿ ನಿರ್ದೇಶಕರು ಊಟದ ದೃಶ್ಯಗಳನ್ನೆಲ್ಲ ಬೇಗ ಬೇಗ ಮುಗಿಸಿಬಿಡುತ್ತಾರೆ. ಗುಟ್ಟು ಬಯಲಾದಾಗ ನಮಗೆ ಆಶ್ಚರ್ಯವಾಗುತ್ತದೆ, ಸಂಕಟ ಆಗುವುದಿಲ್ಲ.

ನಮ್ಮ ಮನೆಯದೇ ಒಂದು ಕಥೆ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಗೆಲ್ಲ ಚೀಟಿ ನಡೆಸುವ ಒಬ್ಬರಿದ್ದರು. ಪ್ರತಿ ತಿಂಗಳು ಐದನೇ ತಾರೀಖು ಬರುತ್ತಿದ್ದರು. ಚಪ್ಪಲಿಯನ್ನು ಬಾಗಿಲ ಪಕ್ಕ ಜೋಡಿಸಿ ಬಿಡುವ ಶಿಸ್ತಿನ ಮನುಷ್ಯ. ಅಪ್ಪನನ್ನು ‘ಅಣ್ಣಾ’ ಅನ್ನುತ್ತಿದ್ದರು, ನನ್ನ ಮಾರ್ಕ್ಸ್ ವಿಚಾರಿಸುತ್ತಿದ್ದರು. ಒಂದು ಲೋಟ ಕಾಫಿ, ದುಡ್ಡು ಎಣಿಸುವುದು, ಹೊರಡುವುದು. ಕೊನೆಯ ಸಲ ಬಂದಾಗ ‘ಅತ್ತಿಗೆ, ಇವತ್ತು ಕಾಫಿ ಬಹಳ ಚೆನ್ನಾಗಿದೆ, ಇನ್ನೊಂದು ಲೋಟ ಕೊಡ್ತೀರಾ?’ ಅಂತ ಕೇಳಿ ಕುಡಿದರು. ಮರುವಾರ ಅವರ ಮನೆಗೆ ಬೀಗ. ಅಪ್ಪ ಹೋದ ದುಡ್ಡಿನ ಲೆಕ್ಕವನ್ನು ಎಂದೋ ಮರೆತರು. ಅಮ್ಮ ಮಾತ್ರ ಇವತ್ತಿಗೂ ಆ ಎರಡನೇ ಲೋಟದ ಮಾತು ಎತ್ತುತ್ತಾರೆ. ‘ಎಲ್ಲ ಗೊತ್ತಿದ್ದೂ ಕುಡಿದನಲ್ಲ’ ಅಂತ. ಇದನ್ನು ಯಾರಾದರೂ ಸಿನಿಮಾ ಮಾಡಿದರೆ ಬೀಗವನ್ನು ಮೊದಲ ದೃಶ್ಯದಲ್ಲೇ ತೋರಿಸಬೇಕು, ಕಾಫಿಯನ್ನು ಆಮೇಲೆ. ಆಗ ಲೋಟದಿಂದ ಕಣ್ಣು ಕೀಳಲಾಗುವುದಿಲ್ಲ.

ಹಾಗಂತ ವಿಮರ್ಶಕರು ಬಾಯಿಬಿಟ್ಟದ್ದು ಸರಿ ಅಂತಲ್ಲ. ಗುಟ್ಟನ್ನು ಯಾವಾಗ ಬಿಟ್ಟುಕೊಡಬೇಕು ಅನ್ನುವುದು ನಿರ್ದೇಶಕರ ಹಕ್ಕು, ನಮ್ಮದಲ್ಲ. ಈ ಸಂಚಿಕೆಯಿಂದ, ಇಂಟರ್‌ವಲ್ ನಂತರದ ಕಥೆ ನಮ್ಮ ವಿಮರ್ಶೆಗಳಲ್ಲಿ ಇರುವುದಿಲ್ಲ. ವಿಮರ್ಶಕರು ಒಪ್ಪಿದ್ದಾರೆ, ಸ್ವಲ್ಪ ಗೊಣಗಿಕೊಂಡು.

ಟಿಕೆಟ್ ದುಡ್ಡು ವಾಪಸ್ ಕೊಡುವಷ್ಟು ಪತ್ರಿಕೆ ಓಡುತ್ತಿಲ್ಲ. ಬಸವನಗುಡಿ ಕಡೆ ಬಂದಾಗ ನಮ್ಮನೆಗೆ ಬನ್ನಿ, ಕಾಫಿ ಕುಡಿಯುತ್ತಾ ಜಗಳ ಮುಂದುವರಿಸೋಣ. ಎರಡನೇ ಲೋಟ ಮಾತ್ರ ಕೇಳಬೇಡಿ, ಅಮ್ಮ ಒಳಗೇ ಇರುತ್ತಾರೆ.