ಶಾಸ್ತ್ರ ಕಲಿತ ಮೇಲೆಯೇ ಸಂಗೀತ ರಚಿಸಬೇಕೆ?

ಪ್ರಶ್ನೆ: ಆರು ತಿಂಗಳಿಂದ ಕೀಬೋರ್ಡಿನಲ್ಲಿ ನನ್ನದೇ ಧಾಟಿಗಳನ್ನು ಕಟ್ಟುತ್ತಿದ್ದೇನೆ. ಸಂಗೀತಶಾಸ್ತ್ರ ತಿಳಿಯದೆ ಹೀಗೆ ಮಾಡುವುದು ವ್ಯರ್ಥವೆಂದು ಬಲ್ಲವರೊಬ್ಬರು ಹೇಳಿದರು. ನುಡಿಸುವುದನ್ನು ನಿಲ್ಲಿಸಿ ಮೊದಲು ಶಾಸ್ತ್ರ ಕಲಿಯಲೆ?
– ಓದುಗರೊಬ್ಬರು

ಉತ್ತರ: ನಿಲ್ಲಿಸಬೇಡಿ. ಶಾಸ್ತ್ರದ ಬಹುಭಾಗವು ಕಿವಿ ಆಗಲೇ ಗುರುತಿಸಿರುವ ಸಂಗತಿಗಳಿಗೆ ಇಟ್ಟ ಹೆಸರುಗಳಷ್ಟೆ. 440 ಹರ್ಟ್ಸ್ ಕಂಪನದ ಸ್ವರವೇ 880 ಹರ್ಟ್ಸ್‌ನಲ್ಲಿ ಒಂದು ಸ್ಥಾಯಿ ಮೇಲೆ ಕೇಳಿಸುತ್ತದೆ ಎಂಬುದನ್ನು ನೀವು ಓದಿರಲಿಕ್ಕಿಲ್ಲ. ಆದರೆ ಗಂಡಸರೂ ಮಕ್ಕಳೂ ಒಂದೇ ಹಾಡಿಗೆ ದನಿಗೂಡಿಸಿದಾಗ ಅದನ್ನು ಕೇಳಿಯೇ ಇರುತ್ತೀರಿ.

ಶಾಸ್ತ್ರವಿಲ್ಲದೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಗೀತಸಂಯೋಜಕ ಇರ್ವಿಂಗ್ ಬರ್ಲಿನ್ (1888–1989) ಒಳ್ಳೆಯ ನಿದರ್ಶನ. ಸ್ವರಲಿಪಿಯಲ್ಲಿ ಪಳಗದ ಅವರು ಪಿಯಾನೊದ ಕಪ್ಪು ಮನೆಗಳೇ ಹೆಚ್ಚಾಗಿ ಬರುವ ಎಫ್ ಶಾರ್ಪ್ ಶ್ರುತಿಯಲ್ಲಿ ನುಡಿಸುತ್ತಿದ್ದರು. ಬೇರೆ ಶ್ರುತಿ ಬೇಕಾದಾಗ, ಸನ್ನೆಕೋಲು ಸರಿಸಿದರೆ ಶ್ರುತಿ ಬದಲಾಗುವ ವಿಶೇಷ ಪಿಯಾನೊ ಅವರ ನೆರವಿಗಿತ್ತು. ಧಾಟಿಯನ್ನು ಬರೆದುಕೊಳ್ಳಲು ಸಹಾಯಕರಿದ್ದರು. ಶಾಸ್ತ್ರ ಬೇಡವೆನ್ನುವವರು ಈ ಕಥೆಯ ಮೊದಲರ್ಧವನ್ನು ಮಾತ್ರ ಹೇಳುತ್ತಾರೆ.

ನಿಮಗೂ ಶಾಸ್ತ್ರದ ಅಗತ್ಯ ಬೀಳುವುದು, ನಿಮ್ಮ ಧಾಟಿಯನ್ನು ಇನ್ನೊಬ್ಬರು ಹಾಡಲೋ ನುಡಿಸಲೋ ಬಂದಾಗ. ಹಾಡುವವರ ಕಂಠಕ್ಕೆ ಅದು ಎತ್ತರವಾಯಿತೆನ್ನಿ: ಒಂದು ಸ್ಥಾಯಿಯಲ್ಲಿರುವ 12 ಸ್ವರಸ್ಥಾನಗಳ ಲೆಕ್ಕದಲ್ಲಿ, ಧಾಟಿಯ ಪ್ರತಿಯೊಂದು ಸ್ವರವನ್ನೂ ಒಂದೇ ಪ್ರಮಾಣದಲ್ಲಿ, ಉದಾಹರಣೆಗೆ ಮೂರು ಸ್ಥಾನಗಳಷ್ಟು, ಕೆಳಗಿಳಿಸಬೇಕಾಗುತ್ತದೆ, ಆಗ ಬಿಳಿ ಮನೆಯಲ್ಲಿದ್ದ ಬೆರಳು ಕಪ್ಪು ಮನೆಗೆ ಹೋಗಬೇಕಾಗಬಹುದು. ಇಂದಿನ ಕೀಬೋರ್ಡುಗಳಲ್ಲಿ ಇದಕ್ಕೊಂದು ಗುಂಡಿಯೇ ಇರುತ್ತದೆ, ನಿಜ. ಆದರೆ ಪಕ್ಕದಲ್ಲಿ ಗಿಟಾರ್ ಹಿಡಿದು ಕೂತವರಿಗೆ ಆ ಗುಂಡಿಯಿಂದ ಏನೂ ತಿಳಿಯುವುದಿಲ್ಲ. ಯಾವ ಶ್ರುತಿ, ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಲಯದ ವಿಷಯದಲ್ಲಿ ಮಾತ್ರ ನಾನು ಇಷ್ಟು ಉದಾರಿಯಲ್ಲ. ಓದನ್ನು ಮುಂದೂಡಬಹುದು, ಲಯದ ಸಾಧನೆಯನ್ನು ಮುಂದೂಡಲಾಗದು. ಆದ್ದರಿಂದ ಒಂದೇ ವೇಗದಲ್ಲಿ ಬಡಿತ ಕೇಳಿಸುವ ಸಾಧನವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಗಳಿಗೆ ಇಟ್ಟು, ನಿಮ್ಮದೇ ಧಾಟಿಯನ್ನು ಓಡದೆ, ಎಳೆಯದೆ ನುಡಿಸಿ ನೋಡಿ. ಉಳಿದಂತೆ, ಕಟ್ಟಿದ ಧಾಟಿ ಎಲ್ಲಿ ಮುಂದೆ ಸಾಗದೆ ನಿಲ್ಲುತ್ತದೆಯೋ ಅಲ್ಲಿಗೆ ಬೇಕಾದ ಅಧ್ಯಾಯವನ್ನು ಮಾತ್ರ ಓದಿ, ಅದೇ ದಿನ ಅದನ್ನು ಆ ಧಾಟಿಯಲ್ಲಿಯೇ ಪ್ರಯೋಗಿಸಿ.